ಬ್ರೀಡಿಂಗ್ ಕೋಡ್: ಹಕ್ಕಿಯ ಬಾಣಂತನ ಎಲ್ಲಿ?

ಪುಣೆಯಿಂದ ಸೋಲಾಪುರದ ದಾರಿ ಹಿಡಿದರೆ ಭಿಗವಣ ಸಿಗುತ್ತದೆ. ಚಳಿಗಾಲದಲ್ಲಿ ಅಲ್ಲಿನ ಉಜನಿ ಹಿನ್ನೀರಿಗೆ ಫ್ಲೆಮಿಂಗೊಗಳು ಬರುತ್ತವೆ. ದೋಣಿಯಲ್ಲಿ ಕೂತು ನೋಡಿ ಬಂದವರೆಲ್ಲ 'ನಮ್ಮ ಭಿಗವಣದ ಫ್ಲೆಮಿಂಗೊ' ಅನ್ನುತ್ತಾರೆ. ಆದರೆ ಅವು ಅಲ್ಲಿ ಗೂಡು ಕಟ್ಟುವುದಿಲ್ಲ. ಉಂಡು ತಿಂದು ಹೊರಡುತ್ತವೆ, ಅಷ್ಟೆ. ನಮ್ಮ ದೇಶದಲ್ಲಿ ಅವು ಮರಿ ಮಾಡುವ ದೊಡ್ಡ ಜಾಗ ಕಚ್ಛದ ರಣ. ಪುಣೆಯ ಎಷ್ಟೋ ಕನ್ನಡದ ಮನೆಗಳ ಕಥೆಯೂ ಹೀಗೇ ಅಲ್ವಾ? ದುಡಿಮೆ ಪುಣೆಯಲ್ಲಿ, ಬಾಣಂತನ ಧಾರವಾಡದಲ್ಲೋ ವಿಜಯಪುರದಲ್ಲೋ.

ಒಂದು ಜಾಗದಲ್ಲಿ ಹಕ್ಕಿ ಕಂಡಿತು ಅನ್ನುವುದು ಬೇರೆ, ಅಲ್ಲೇ ಸಂಸಾರ ಹೂಡಿದೆ ಅನ್ನುವುದು ಬೇರೆ. ಈ ಎರಡನೆಯದನ್ನು ಬರೆದಿಡುವ ಗುರುತೇ ಬ್ರೀಡಿಂಗ್ ಕೋಡ್. ಭಾನುವಾರ ಬೆಳಿಗ್ಗೆ ಪುಣೆಯ ವೇತಾಳ ಟೇಕಡಿ ಅನ್ನುವ ಗುಡ್ಡ ಹತ್ತುವ ಹವ್ಯಾಸಿಗಳು, ಕಂಡ ಹಕ್ಕಿಗಳನ್ನು ದಾಖಲಿಸುವ ಇ-ಬರ್ಡ್ ಆ್ಯಪ್‌ನಲ್ಲಿ ಹಕ್ಕಿಯ ಹೆಸರು, ಲೆಕ್ಕ ಹಾಕುತ್ತಾರಲ್ಲ, ಅದರ ಪಕ್ಕ ಸೇರಿಸುವ ಒಂದೆರಡು ಅಕ್ಷರ.

ಕೋಡ್‌ಗಳು ಇಪ್ಪತ್ತರ ಮೇಲಿವೆ. ಬಾಯಿಪಾಠ ಬೇಕಿಲ್ಲ. ಎಲ್ಲದರ ಹಿಂದಿರುವುದು ಒಂದೇ ಪ್ರಶ್ನೆ: ಇಲ್ಲಿ ಮರಿ ಮಾಡುತ್ತಿದೆ ಅಂತ ಎಷ್ಟು ಗಟ್ಟಿಯಾಗಿ ಹೇಳಬಹುದು? ಮಡಿವಾಳ ಹಕ್ಕಿ ಒಂದು ಬೆಳಿಗ್ಗೆ ಹಾಡಿದರೆ 'ಇರಬಹುದು'. ಅದೇ ಕಡೆ ವಾರ ಬಿಟ್ಟು ಹೋದಾಗಲೂ ಹಾಡುತ್ತಿದ್ದರೆ 'ಬಹುತೇಕ ಹೌದು'. ಗೂಡಿನಲ್ಲಿ ಮರಿ ಕಂಡರೆ 'ಖಾತ್ರಿ'. ಸುಮ್ನೆ ತಲೆಯ ಮೇಲೆ ಹಾರಿ ಹೋದದ್ದು ಈ ಮೂರರಲ್ಲಿ ಯಾವುದಕ್ಕೂ ಸೇರದು. ಈ ಮೂರು ಮೆಟ್ಟಿಲು ಹಳೆಯವು. ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ 1968ರಿಂದ 1972ರವರೆಗೆ ಸ್ವಯಂಸೇವಕರು ನೆಲವನ್ನು ಹತ್ತು ಕಿಲೋಮೀಟರಿನ ಚೌಕಗಳಾಗಿ ಹಂಚಿಕೊಂಡು, ಪ್ರತಿ ಚೌಕದಲ್ಲೂ ಹೀಗೇ ಗುರುತು ಹಾಕಿದ್ದರು. ಇ-ಬರ್ಡ್ ಶುರುವಾಗಿದ್ದು 2002ರಲ್ಲಿ.

ಮಜಾ ಇರುವುದು ತರಲೆ ಹಕ್ಕಿಗಳಲ್ಲಿ. ಕೊಕ್ಕಿನಲ್ಲಿ ಹುಳ ಕಚ್ಚಿಕೊಂಡು ಪಿಕಳಾರ ಮತ್ತೆ ಮತ್ತೆ ಒಂದೇ ಪೊದೆಗೆ ನುಗ್ಗಿದರೆ ಒಳಗೆ ಮರಿ ಇದೆ ಅಂತಲೇ. ಅದಕ್ಕೆ ಕೋಡ್ ಸಿಎಫ್ (ಕ್ಯಾರಿಯಿಂಗ್ ಫುಡ್, ಅಂದರೆ ಆಹಾರ ಹೊತ್ತೊಯ್ಯುವುದು), ಖಾತ್ರಿ ಲೆಕ್ಕ. ಅದೇ ಹದ್ದು ಮಟನ್ ಅಂಗಡಿಯ ಮುಂದಿನಿಂದ ತುಂಡು ಎತ್ತಿಕೊಂಡು ಹಾರಿದರೆ? ಅದರ ಸ್ವಂತ ಊಟ ಇದ್ದೀತು! ಹದ್ದು, ಕಾಗೆಗಳಿಗೆ ಈ ಕೋಡ್ ಹಾಕಲು ನಾನಂತೂ ಹಿಂದೆಮುಂದೆ ನೋಡುತ್ತೇನೆ. ಮರಕುಟಿಗ ಮರ ಕೊರೆಯುವುದೂ ಹಾಗೇ. ಮಲಗಲೂ ಅದಕ್ಕೆ ಪೊಟರೆ ಬೇಕು, ಹಾಗಾಗಿ 'ಬಹುತೇಕ'ದ ಮೇಲೆ ಹೋಗುವುದಿಲ್ಲ. ಮರಾಠಿಯವರು ಸುಗರಣ ಅನ್ನುವ ನಮ್ಮ ಗೀಜಗದ ಗಂಡು ಒಂದೇ ಮಳೆಗಾಲದಲ್ಲಿ ಹಲವು ಗೂಡು ನೇಯುತ್ತದೆ. ಹೆಣ್ಣು ಒಪ್ಪದಿದ್ದರೆ ಅದು ಅರ್ಧಕ್ಕೇ ನೇತಾಡುತ್ತದೆ. ಗೂಡು ಕಂಡಿತು ಅಂದಮಾತ್ರಕ್ಕೆ ಮೊಟ್ಟೆ ಇದೆ ಅನ್ನುವಂತಿಲ್ಲ.

ಖಾತ್ರಿ ಮಾಡಿಕೊಳ್ಳುವ ಆಸೆ ಕೆಟ್ಟದ್ದು. ನನಗೂ ಬಂದಿತ್ತು. ಒಂದು ಏಪ್ರಿಲ್, ಟೇಕಡಿಯ ಬೋಳು ಬಯಲಿನಲ್ಲಿ ಟಿಟ್ಟಿಭವೊಂದು ನಮ್ಮನ್ನು ಕಂಡು ಅರಚಿ, ತಲೆಯ ಮೇಲೆರಗಿ, ಆಮೇಲೆ ರೆಕ್ಕೆ ಮುರಿದಂತೆ ನೆಲದಲ್ಲಿ ಒದ್ದಾಡತೊಡಗಿತು. ನಾನು ಮೊಟ್ಟೆ ಹುಡುಕಲು ಹೆಜ್ಜೆ ಇಟ್ಟೆ. ಗುಂಪಿನಲ್ಲಿದ್ದ ಹಿರಿಯರು, ಧಾರವಾಡದ ಕಡೆಯವರು, ತೋಳು ಹಿಡಿದರು.

"ತಮ್ಮಾ, ನಿಂದ್ರು. ಕೆಳಗ ನೋಡು."

"ಏನೂ ಕಾಣವಲ್ದು ಕಾಕಾ."

"ಅದಕ್ಕs ಕಾಲು ಎತ್ತಬ್ಯಾಡ ಅಂದೆ."

ಬೂಟಿನಿಂದ ಗೇಣು ದೂರದಲ್ಲಿ ನಾಲ್ಕು ಮೊಟ್ಟೆ. ಅಕ್ಕಪಕ್ಕದ ಕಲ್ಲಿನದೇ ಬಣ್ಣ, ಅದೇ ಕಪ್ಪು ಚುಕ್ಕೆ. ಬಂದ ಹೆಜ್ಜೆಯಲ್ಲೇ ಹಿಂದೆ ಸರಿದೆ. ಹಾಗೆ ನೋಡಿದರೆ ಮೊಟ್ಟೆ ನೋಡುವ ಅಗತ್ಯವೇ ಇರಲಿಲ್ಲ. ಗೂಡಿನಿಂದ ಗಮನ ಬೇರೆಡೆ ಸೆಳೆಯುವ ಆ ಒದ್ದಾಟದ ನಾಟಕಕ್ಕೇ ಡಿಡಿ (ಡಿಸ್ಟ್ರಾಕ್ಷನ್ ಡಿಸ್‌ಪ್ಲೇ) ಅಂತ ಕೋಡ್ ಇದೆ, ಅದೂ ಖಾತ್ರಿಯದೇ. ಕೋಡ್‌ಗಳನ್ನು ಮಾಡಿರುವುದೇ ದೂರ ನಿಂತು ಬರೆಯಲಿ ಅಂತ. ಮೊಟ್ಟೆಯ ಫೋಟೋಗೆ ಹೆಚ್ಚುವರಿ ಅಂಕ ಏನೂ ಇಲ್ಲ.

ಮನೆಯ ಕಿಟಕಿಯಿಂದಲೂ ಕೋಡ್ ಹಾಕಬಹುದು. ಜೂನ್ ಹೊತ್ತಿಗೆ ನಮ್ಮ ಸೊಸೈಟಿಯ ಮಾವಿನ ಮರದಲ್ಲಿ ಕಾಗೆಯೊಂದು ಬಾಯಿ ತೆರೆದ ಮರಿಗೆ ಗುಟುಕು ಕೊಡುತ್ತಿತ್ತು. ಮರಿಯ ಮೈತುಂಬ ಬಿಳಿ ಚುಕ್ಕೆ. ಕೋಗಿಲೆಯದು! ಇಬ್ಬರನ್ನೂ ಖಾತ್ರಿ ಅಂತ ಬರೆದೆ. ಗೂಡು ಕಟ್ಟಿದ್ದು ಕಾಗೆ, ಮರಿ ಕೋಗಿಲೆಯದು, ಎರಡೂ ಈ ಊರಿನವೇ.