ಹೊಸ ಬೋರ್ಡಿಗೆ ಕರ್ನಲ್‌ಗಿಂತ ಮೊದಲು ಕಂಪೈಲರ್

ಹಾಸನದಲ್ಲಿ ನಮ್ಮಲ್ಲಿಗೆ ತರಬೇತಿಗೆ ಬರುವ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಹೊಸ ಬೋರ್ಡ್ (ಪ್ರೊಸೆಸರ್ ಕೂರಿಸಿದ ಪುಟ್ಟ ಕಂಪ್ಯೂಟರ್) ಕೈಗೆ ಸಿಕ್ಕೊಡನೆ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ಏರಿಸುವ ಆತುರ. ಬರೆದ ಪ್ರೋಗ್ರಾಂ ಅನ್ನು ಯಂತ್ರಭಾಷೆಗೆ ತಿರುಗಿಸುವ ಕಂಪೈಲರ್ ಯಾವುದು ಎಂದು ಕೇಳಿದರೆ ‘ಜಿಸಿಸಿ ಸರ್’ ಎನ್ನುತ್ತಾರೆ. ಅಷ್ಟು ಸಾಲದು. ಅದು ಯಾವ ಯಂತ್ರಕ್ಕಾಗಿ ಕಟ್ಟಿದ ಜಿಸಿಸಿ ಎಂಬುದೇ ಮುಖ್ಯ.

ಹೊಸ ಬೋರ್ಡಿನಲ್ಲಿ ಇನ್ನೂ ಆಪರೇಟಿಂಗ್ ಸಿಸ್ಟಂ ಇಲ್ಲ. ಇಲ್ಲದ ಮೇಲೆ ಅಲ್ಲಿ ಕಂಪೈಲರ್ ಓಡುವುದೂ ಇಲ್ಲ. ಆದ್ದರಿಂದ ಮೇಜಿನ ಮೇಲಿನ ಇಂಟೆಲ್ ಕಂಪ್ಯೂಟರಿನಲ್ಲೇ ಆರ್ಮ್ ಅಥವಾ ರಿಸ್ಕ್-ಫೈವ್ ಪ್ರೊಸೆಸರಿಗೆ ಬೇಕಾದ ಯಂತ್ರಭಾಷೆಯನ್ನು ಸಿದ್ಧಪಡಿಸಬೇಕು. ಆ ಕೆಲಸ ಕ್ರಾಸ್-ಕಂಪೈಲರಿನದು. 1970ರ ದಶಕದ ಕೊನೆಯಲ್ಲಿ ಬೆಲ್ ಲ್ಯಾಬ್ಸ್‌ನ ಡೆನಿಸ್ ರಿಚಿ ಮತ್ತು ಸ್ಟೀವ್ ಜಾನ್ಸನ್ ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಅನ್ನು ಇಂಟರ್‌ಡೇಟಾ 8/32 ಯಂತ್ರಕ್ಕೆ ಒಯ್ದಾಗಲೂ, ಬೇರೆ ಯಂತ್ರಗಳಿಗೆ ಸುಲಭವಾಗಿ ಹೊಂದಿಸಬಹುದಾದ ಸಿ ಭಾಷೆಯ ಕಂಪೈಲರ್ ಆ ಕೆಲಸದ ಬೆನ್ನೆಲುಬಾಗಿತ್ತು.

ಕ್ರಾಸ್-ಕಂಪೈಲರ್ ಕಟ್ಟುವ ಕ್ರಮ ಹೀಗೆ: ಮೊದಲು ಸಂಕೇತಗಳನ್ನು ಯಂತ್ರಭಾಷೆಗೆ ತರುವ ಅಸೆಂಬ್ಲರ್ ಮತ್ತು ತುಂಡುಗಳನ್ನು ಜೋಡಿಸುವ ಲಿಂಕರ್ ಇರುವ ಬಿನ್‌ಯುಟಿಲ್ಸ್, ನಂತರ ಸಿ ಲೈಬ್ರರಿಯ (ಸಿದ್ಧ ಫಂಕ್ಷನ್‌ಗಳ ಸಂಗ್ರಹ) ಹಂಗಿಲ್ಲದ ಪುಟ್ಟ ಜಿಸಿಸಿ. ಕರ್ನಲ್‌ಗೆ ಇಷ್ಟೇ ಸಾಕು. ಲೈಬ್ರರಿ, ಪೂರ್ಣ ಕಂಪೈಲರ್ ಎಲ್ಲ ಬಳಕೆದಾರರ ಪ್ರೋಗ್ರಾಂಗಳ ಸರದಿ ಬಂದಾಗ. ಆದರೆ ಲೈಬ್ರರಿ ಬೇಡವೆಂದು ಹೇಳಿದರೂ ಮೆಮೊರಿಯನ್ನು ನಕಲು ಮಾಡುವ ಮೆಮ್‌ಕಾಪಿ, ತುಂಬುವ ಮೆಮ್‌ಸೆಟ್ ಮುಂತಾದ ಫಂಕ್ಷನ್‌ಗಳನ್ನು ಜಿಸಿಸಿ ತಾನಾಗಿಯೇ ಕರೆಯಬಹುದು. ಅವನ್ನು ನಾವೇ ಬರೆದುಕೊಡಬೇಕು. 32 ಬಿಟ್ ಆರ್ಮ್‌ನಲ್ಲಿ 64 ಬಿಟ್ ಸಂಖ್ಯೆಯ ಭಾಗಾಕಾರ ಮಾಡಿದರೂ ಇದೇ ಕಥೆ: ಜಿಸಿಸಿ ಅದಕ್ಕೂ ಒಂದು ಸಹಾಯಕ ಫಂಕ್ಷನ್ ಕರೆಯುತ್ತದೆ, ಅದು ಇಲ್ಲದಿದ್ದರೆ ಲಿಂಕರ್ ಯಾವುದೋ ಅಪರಿಚಿತ ಹೆಸರು ಸಿಗಲಿಲ್ಲವೆಂದು ನಿಂತುಬಿಡುತ್ತದೆ. ಇಂಥ ದೋಷಗಳು ಒಳ್ಳೆಯವು, ಬಾಯಿ ಬಿಟ್ಟು ಹೇಳುತ್ತವೆ.

ನನಗೆ ಭಯವಿರುವುದು ಬಾಯಿ ಬಿಡದ ದೋಷಗಳದ್ದು. ಚಿಕ್ಕಮಗಳೂರಿನ ಕಾಫಿ ತೋಟವೊಂದರಲ್ಲಿ ಮಣ್ಣಿನ ತೇವ ಅಳೆಯುವ ಬೋರ್ಡ್ ಇದೆ ಎಂದುಕೊಳ್ಳಿ. ಸೆನ್ಸರ್ ಉತ್ತರಿಸದಿದ್ದರೆ ಅದನ್ನು ಓದುವ ಪ್ರೋಗ್ರಾಂ ಆದ ಡ್ರೈವರ್ −1 ಕೊಡುತ್ತದೆ. ಬರೆದವರು ಅದನ್ನು ಬರೀ ‘ಕ್ಯಾರ್’ (ಸಿ ಭಾಷೆಯಲ್ಲಿ ಒಂದು ಬೈಟಿನ ಸಣ್ಣ ಸಂಖ್ಯೆ) ಎಂದು ಘೋಷಿಸಿದ ಚರದಲ್ಲಿ ಇಟ್ಟು, ಸೊನ್ನೆಗಿಂತ ಕಡಿಮೆಯೇ ಎಂದು ನೋಡುತ್ತಾರೆ. ಇಂಟೆಲ್ ಲ್ಯಾಪ್‌ಟಾಪಿನಲ್ಲಿ ಕ್ಯಾರ್‌ಗೆ ಋಣ ಚಿಹ್ನೆ ಉಂಟು, ಪರೀಕ್ಷೆ ಸಲೀಸಾಗಿ ಮುಗಿಯುತ್ತದೆ. ಆರ್ಮ್ ಲಿನಕ್ಸ್‌ನಲ್ಲಿ ಅದಕ್ಕೆ ಚಿಹ್ನೆಯಿಲ್ಲ. −1 ಎಂಬುದು 255 ಆಗುತ್ತದೆ, ಹೆಚ್ಚು ತೇವದ ಅಳತೆಯಂತೆ ಕಾಣುತ್ತದೆ. ತಂತಿ ಕಡಿದು ಹೋಗಿದ್ದರೂ ಬೋರ್ಡಿನ ಪ್ರಕಾರ ಮಣ್ಣು ಒದ್ದೆಯೇ. ಹೂಮಳೆ ಕೈಕೊಟ್ಟ ವರ್ಷ ಸ್ಪ್ರಿಂಕ್ಲರ್ ನಂಬಿಕೊಂಡ ತೋಟಗಾರನಿಗೆ ಇದರಿಂದ ಆಗುವ ನಷ್ಟವನ್ನು ಯಾರು ತುಂಬಿಕೊಡುತ್ತಾರೆ? ಚಿಹ್ನೆ ಬೇಕಾದಲ್ಲಿ ‘ಸೈನ್ಡ್ ಕ್ಯಾರ್’ ಎಂದೇ ಬರೆಯಿರಿ. ಲಿನಕ್ಸ್ ಕರ್ನಲ್ ಕೂಡ 2023ರ 6.2ನೇ ಆವೃತ್ತಿಯಿಂದ ಎಲ್ಲ ಪ್ರೊಸೆಸರ್‌ಗಳಲ್ಲೂ ಕ್ಯಾರ್ ಅನ್ನು ಚಿಹ್ನೆಯಿಲ್ಲದ್ದೆಂದೇ ಕಂಪೈಲ್ ಮಾಡುತ್ತಿದೆ. ಯಂತ್ರಕ್ಕೊಂದು ಅರ್ಥ ಇರುವುದಕ್ಕಿಂತ ಇದು ಎಷ್ಟೋ ಮೇಲು.

ಬೋರ್ಡಿನ ಸಂದೇಶ ತರುವ ಸೀರಿಯಲ್ ಕೇಬಲ್‌ನಲ್ಲಿ ಒಂದಕ್ಷರವೂ ಬಾರದಿದ್ದಾಗ ಹಾರ್ಡ್‌ವೇರ್ ಬಿಚ್ಚುವ ಮೊದಲು, ಕಂಪೈಲ್ ಆಗಿ ಬಂದ ಇಎಲ್‌ಎಫ್ ಫೈಲಿನ (ಯಂತ್ರಭಾಷೆಯ ಪ್ರೋಗ್ರಾಂ ಇರುವ ಫೈಲು) ಶಿರೋಭಾಗವನ್ನು ರೀಡೆಲ್ಫ್ ಎಂಬ ಸಲಕರಣೆಯಲ್ಲಿ ತೆರೆದು ನೋಡಿ: ಯಾವ ಪ್ರೊಸೆಸರ್, ಎಷ್ಟು ಬಿಟ್, ಬೈಟ್‌ಗಳ ಕ್ರಮ ಯಾವುದು, ಆರಂಭದ ವಿಳಾಸ ಏನು. ಎಲ್ಲವೂ ಬೋರ್ಡಿನ ಕೈಪಿಡಿಗೆ ತಾಳೆಯಾದರೆ ಆಮೇಲೆ ಮಲ್ಟಿಮೀಟರ್ ಕೈಗೆತ್ತಿಕೊಳ್ಳಿ.