ಗೋಡೆಯ ಪಂಚಾಂಗ ನೋಡಿ ಸಮುದ್ರದ ಇಳಿತ ಹೇಳಬಹುದೇ?

ಪ್ರಶ್ನೆ: ಶಿರಸಿಯಿಂದ ಆಗಾಗ ಕಾರವಾರಕ್ಕೆ ಬರುತ್ತೇವೆ. ಮಕ್ಕಳಿಗೆ ಚಿಪ್ಪು ಹೆಕ್ಕುವ ಹುಚ್ಚು. ಸಂಜೆ ಐದಕ್ಕೆ ಹೋದರೆ ಒಮ್ಮೆ ಮರಳು ದೂರದವರೆಗೂ ಬಯಲಾಗಿರುತ್ತದೆ, ಮತ್ತೊಮ್ಮೆ ಅದೇ ಹೊತ್ತಿಗೆ ನೀರು ಮೇಲಿನವರೆಗೂ ಬಂದಿರುತ್ತದೆ. ಭರತ-ಇಳಿತದ ಹೊತ್ತು ದಿನಾ ಬದಲಾಗುವುದೇಕೆ? ಮನೆಯಲ್ಲೇ ಲೆಕ್ಕ ಹಾಕಲು ಬರುತ್ತದೆಯೇ?

ಉತ್ತರ: ಬರುತ್ತದೆ. ಅಡುಗೆಮನೆ ಗೋಡೆಯ ಕ್ಯಾಲೆಂಡರಿನಲ್ಲಿ ತಿಥಿ ಇದ್ದರೆ ಸಾಕು.

ಸಮುದ್ರದ ದಿನ 24 ಗಂಟೆಯದಲ್ಲ, ಸುಮಾರು 24 ಗಂಟೆ 50 ನಿಮಿಷದ್ದು. ಭೂಮಿ ಒಂದು ಸುತ್ತು ತಿರುಗುವಷ್ಟರಲ್ಲಿ ಚಂದ್ರ ತನ್ನ ದಾರಿಯಲ್ಲಿ ಸ್ವಲ್ಪ ಮುಂದೆ ಹೋಗಿರುತ್ತಾನೆ. ಅವನನ್ನು ಮತ್ತೆ ಹಿಡಿಯಲು ಭೂಮಿ ಇನ್ನೂ 50 ನಿಮಿಷ ತಿರುಗಬೇಕು. ಹಾಗಾಗಿ ಇಂದಿನ ಭರತಕ್ಕಿಂತ ನಾಳೆಯದು ಅಷ್ಟು ತಡ. ಇನ್ನು ದಿನಕ್ಕೆ ಎರಡು ಭರತ ಏಕೆಂದರೆ, ಚಂದ್ರನ ಸೆಳೆತ ಅವನತ್ತ ಇರುವ ನೀರಿನ ಮೇಲೆ ಹೆಚ್ಚು, ಭೂಮಿಯ ನಡುವಿಗೆ ಕಡಿಮೆ, ಆಚೆ ಬದಿಗೆ ಮತ್ತೂ ಕಡಿಮೆ. ಈ ವ್ಯತ್ಯಾಸದಿಂದ ಎರಡೂ ಬದಿಯಲ್ಲಿ ನೀರು ಉಬ್ಬುತ್ತದೆ. ಕಾರವಾರದಲ್ಲಿ ಈ ಎರಡು ಭರತಗಳು ಒಂದೇ ಎತ್ತರದವಲ್ಲ ಎಂಬುದು ಬೇರೆ ಮಾತು.

ಚಂದ್ರ ನೆತ್ತಿಗೆ ಬಂದ ಕ್ಷಣಕ್ಕೇ ಭರತವಾಗಬೇಕೆಂದಿಲ್ಲ. ಸಮುದ್ರದ ಆಳ, ದಂಡೆಯ ಆಕಾರ ಅದನ್ನು ಹಿಂದೆ ಮುಂದೆ ಮಾಡುತ್ತವೆ. ಆದರೆ ಒಂದು ಊರಿಗೆ ಆ ಅಂತರ ಹೆಚ್ಚುಕಡಿಮೆ ಒಂದೇ. ನಮ್ಮ ಲೆಕ್ಕ ನಿಂತಿರುವುದು ಇದರ ಮೇಲೆಯೇ. ಕಾರವಾರದ ಕಡೆ ಅಮಾವಾಸ್ಯೆ, ಹುಣ್ಣಿಮೆಯ ಭರತ ಮಧ್ಯಾಹ್ನ ಹನ್ನೆರಡರ ಆಸುಪಾಸು. ಅಲ್ಲಿಂದ ತಿಥಿಗೆ ಮುಕ್ಕಾಲು ಗಂಟೆ ಕೂಡಿಸುತ್ತಾ ಹೋಗಿ. ಪಂಚಮಿಗೆ ಭರತ ನಾಲ್ಕರ ಹೊತ್ತಿಗೆ, ಅಷ್ಟಮಿಗೆ ಸಂಜೆ ಆರರ ಆಚೀಚೆ. ಭರತಕ್ಕೂ ಇಳಿತಕ್ಕೂ ನಡುವೆ ಆರು ಗಂಟೆ ಚಿಲ್ಲರೆ. ಪಕ್ಷ ಯಾವುದಾದರೂ ಲೆಕ್ಕ ಒಂದೇ, ಸೂತಕ-ಮುಹೂರ್ತದ ಗೊಡವೆ ಇಲ್ಲ.

ನೀವು ಸಂಜೆ ಐದಕ್ಕೇ ಬರುವವರಾದರೆ ತ್ರಯೋದಶಿಯಿಂದ ಪಾಡ್ಯದವರೆಗಿನ ದಿನ ಆರಿಸಿಕೊಳ್ಳಿ, ನೀರು ಇಳಿದಿರುತ್ತದೆ. ಇನ್ನೊಂದು ಲಾಭವೂ ಉಂಟು. ಆ ದಿನಗಳಲ್ಲಿ ಸೂರ್ಯ, ಚಂದ್ರ ಒಂದೇ ಗೆರೆಯ ಹತ್ತಿರ ಬಂದು ಇಬ್ಬರ ಸೆಳೆತ ಕೂಡುವುದರಿಂದ ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ. ಏರಿಳಿತ ಎಲ್ಲಕ್ಕಿಂತ ಜೋರಾಗುವುದು ಅಮಾವಾಸ್ಯೆ ಇಲ್ಲವೇ ಹುಣ್ಣಿಮೆ ಕಳೆದು ಒಂದೆರಡು ದಿನಕ್ಕೆ. ಅಷ್ಟಮಿಗೆ ಅವರಿಬ್ಬರೂ ಅಡ್ಡಡ್ಡ ಎಳೆಯುವುದರಿಂದ ಚಪ್ಪೆ. ಜೋರಾದ ದಿನವೂ ನಮ್ಮಲ್ಲಿ ಏರಿಳಿತ ಎರಡು ಮೀಟರಿನ ಆಸುಪಾಸು. ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ಹತ್ತು ಮೀಟರ್ ಮುಟ್ಟುವುದುಂಟು.

ಅಘನಾಶಿನಿಯ ಅಳಿವೆಯಲ್ಲಿ ಬಳಚು ಎಂಬ ಚಿಪ್ಪುಮೀನು ತೆಗೆಯುವವರ ಕೆಲಸದ ಹೊತ್ತು ನಿಲ್ಲುವುದೂ ಇದರ ಮೇಲೆಯೇ. ಇಳಿತಕ್ಕೆ ಸೊಂಟದಷ್ಟು ನೀರಿನಲ್ಲಿ ನಿಂತು ಕಾಲಿನಿಂದಲೇ ಕೆಸರು ತಡವಿ ಚಿಪ್ಪು ಹುಡುಕುತ್ತಾರೆ. ಹೊಳೆಯ ಒಳಗೆ ಹೋದಷ್ಟೂ ಭರತ ತಡವಾಗಿ ತಲುಪುತ್ತದೆ ಎನ್ನುವುದನ್ನೂ ನೆನಪಿಡಿ. ಕಾಳಿ ಸೇತುವೆಯ ಹೊತ್ತು ಕದ್ರಾ ಕಡೆಯ ಹೊಳೆಗೆ ಹೊಂದದು.

ಈ ಲೆಕ್ಕದಲ್ಲಿ ಅರ್ಧ-ಮುಕ್ಕಾಲು ಗಂಟೆ ಹಿಂದೆ ಮುಂದೆ ಆಗುವುದು ಸಹಜ. ಹುಣ್ಣಿಮೆಯ ಹತ್ತಿರ ದಿನದ ತಡ 50 ನಿಮಿಷಕ್ಕಿಂತ ಕಡಿಮೆ ಇರುತ್ತದೆ, ಅಷ್ಟಮಿ ಹೊತ್ತಿಗೆ ಗಂಟೆ ದಾಟುತ್ತದೆ. ಮಳೆಗಾಲದ ಗಾಳಿಯೂ ನೀರನ್ನು ದಂಡೆಗೆ ತಳ್ಳುತ್ತದೆ. ಚಿಪ್ಪು ಹೆಕ್ಕಲು ಇಷ್ಟು ಸಾಕು, ದೋಣಿ ಬಿಡಲು ಸಾಲದು. ಅದಕ್ಕೆ ಸರ್ವೆ ಆಫ್ ಇಂಡಿಯಾ ಪ್ರತಿ ವರ್ಷ ಪ್ರಕಟಿಸುವ ಪಟ್ಟಿ ನೋಡಬೇಕು.

ಬಂಡೆಗಳ ಕಡೆ ಹೋದರೆ ಗುಂಡಿಯಲ್ಲಿ ಉಳಿದ ನೀರಿಗೆ ಬಗ್ಗಿ ನೋಡಿ. ಸುಮ್ಮನೆ ಬಿದ್ದ ಶಂಖವೊಂದು ಎದ್ದು ನಡೆದರೆ ಒಳಗೆ ಏಡಿ ಬಾಡಿಗೆಗಿದೆ ಎಂದರ್ಥ, ಅದನ್ನು ಚೀಲಕ್ಕೆ ಹಾಕಬೇಡಿ. ನೀರು ತಿರುಗಿ ಏರತೊಡಗಿದ ಮೇಲೆ ಬಂಡೆಯ ತುದಿಯಲ್ಲಿ ಮಕ್ಕಳನ್ನು ನಿಲ್ಲಿಸಬೇಡಿ. ಮೊದಲು ತುಂಬುವುದು ಬೆನ್ನ ಹಿಂದಿನ ತಗ್ಗು.