‘ಈವಿಲ್ ಡೆಡ್ 2’ ಮುಂದುವರಿದ ಭಾಗವೋ, ಅದೇ ಕಥೆಯ ರೀಮೇಕೋ?

ಪ್ರಶ್ನೆ: ‘ಈವಿಲ್ ಡೆಡ್’ ಅನ್ನುವ ಹಾರರ್ ಚಿತ್ರ ನೋಡಿದ ಮಾರನೇ ದಿನವೇ ಎರಡನೇ ಭಾಗ ಹಾಕಿದೆ. ಅದೇ ಕಾಡು, ಅದೇ ಮನೆ, ಅದೇ ನಾಯಕ ಆ್ಯಶ್, ಅವನ ಗೆಳತಿ ಲಿಂಡಾ. ಆದರೆ ಉಳಿದ ಮೂವರು ಗೆಳೆಯರು ಎಲ್ಲಿ? ಇದು ಮುಂದಿನ ಕಥೆಯಾ, ಇಲ್ಲಾ ಅದೇ ಕಥೆಯನ್ನು ಮತ್ತೆ ತೆಗೆದದ್ದಾ?

ಉತ್ತರ: ಮುಂದಿನ ಕಥೆಯೇ. ಆದರೆ ಅದು ಶುರುವಾಗುವುದು ಮೊದಲ ಕೆಲವು ನಿಮಿಷ ಕಳೆದ ಮೇಲೆ. ಹಳೆಯ ಚಿತ್ರದ ಕೊನೆ ನೆನಪಿಸಿಕೊಳ್ಳಿ. ಬೆಳಕು ಹರಿದಿದೆ, ಆ್ಯಶ್ ಅಂಗಳದಲ್ಲಿ ನಿಂತಿದ್ದಾನೆ. ಕಾಣದ ಶಕ್ತಿಯೊಂದು ಕಾಡಿನಿಂದ ಹೊರಟು, ಮನೆಯೊಳಗೆ ನುಗ್ಗಿ, ಬಾಗಿಲು ಒಡೆದುಕೊಂಡು ಅವನ ಮುಖಕ್ಕೇ ಬರುತ್ತದೆ. ಅವನು ತಿರುಗಿ ಕಿರುಚುತ್ತಾನೆ. ಎರಡನೆಯದರಲ್ಲೂ ಆ ನುಗ್ಗಾಟ ಬರುತ್ತದೆ. ಅದಕ್ಕೆ ಮುಂಚಿನದೆಲ್ಲ ಧಾರಾವಾಹಿಗಳ ‘ಹಿಂದಿನ ಸಂಚಿಕೆಯಲ್ಲಿ’ ಇದ್ದ ಹಾಗೆ. ಅಲ್ಲಿಂದಾಚೆಗೆ ಹೊಸ ಕಥೆ.

ಹಳೆಯ ತುಣುಕುಗಳನ್ನೇ ಜೋಡಿಸಬಹುದಿತ್ತಲ್ಲ ಅನ್ನಿಸುತ್ತದೆ. ಅವುಗಳ ಹಕ್ಕು ಚಿತ್ರತಂಡದ ಕೈಲಿರಲಿಲ್ಲ. ಹಾಗಾಗಿ ಹಿಂದಿನ ಕಥೆಯನ್ನು ಹೊಸದಾಗಿ ಶೂಟ್ ಮಾಡಿದರು, ಐವರಿದ್ದ ಕಡೆ ಇಬ್ಬರನ್ನೇ ಇಟ್ಟುಕೊಂಡರು. ಲಿಂಡಾ ಪಾತ್ರಕ್ಕೂ ಬೇರೆ ನಟಿ ಬಂದರು. ಎಳೆ ತಪ್ಪುವ ಜಾಗಗಳೂ ಇವೆ: ಮೊದಲ ಚಿತ್ರದ ಕೊನೆಯಲ್ಲಿ ಬೆಂಕಿಗೆ ಬಿದ್ದ, ಕೆಟ್ಟ ಶಕ್ತಿಯನ್ನು ಎಬ್ಬಿಸುವ ಶಾಪದ ಪುಸ್ತಕಕ್ಕೆ ಇಲ್ಲಿ ಏನೂ ಆಗಿಲ್ಲ. ಅದನ್ನು ಒಪ್ಪಿಕೊಂಡು ಮುಂದೆ ಹೋಗಬೇಕು.

ಎರಡರ ನಡುವಿನ ನಿಜವಾದ ವ್ಯತ್ಯಾಸ ಕಥೆಗಿಂತ ಹೆಚ್ಚಾಗಿ ದುಡ್ಡಿನಲ್ಲಿದೆ, ಆ ದುಡ್ಡು ಎಲ್ಲಿಗೆ ಹೋಯಿತು ಅನ್ನುವುದರಲ್ಲಿದೆ. ಮೊದಲ ಚಿತ್ರ ತೆಗೆಯಲು 1979ರ ಕೊನೆಯಲ್ಲಿ ಅಮೆರಿಕದ ಟೆನೆಸಿ ರಾಜ್ಯದ ಮಾರಿಸ್‌ಟೌನ್ ಹತ್ತಿರದ ಕಾಡಿಗೆ ಹೋದಾಗ ನಿರ್ದೇಶಕ ಸ್ಯಾಮ್ ರೇಮಿಗೆ ಇಪ್ಪತ್ತೇ ವರ್ಷ. ನಿರ್ಮಾಪಕ ರಾಬ್ ಟ್ಯಾಪರ್ಟ್, ನಾಯಕ ಬ್ರೂಸ್ ಕ್ಯಾಂಬೆಲ್ ಇಬ್ಬರೂ ಗೆಳೆಯರು. ಮೊದಲು ಒಂದು ಕಿರುಚಿತ್ರ ತೆಗೆದು, ಅದನ್ನು ತೋರಿಸಿ, ಊರಿನ ಡಾಕ್ಟರು, ವಕೀಲರ ಹತ್ತಿರ ದುಡ್ಡು ಎತ್ತಿದ್ದರು. ಒಟ್ಟು ಖರ್ಚು ಮೂರೂವರೆಯಿಂದ ನಾಲ್ಕು ಲಕ್ಷ ಡಾಲರ್. ಮನೆ ಯಾರೂ ವಾಸವಿಲ್ಲದೆ ಪಾಳುಬಿದ್ದದ್ದು. ಕಾಡಿನಲ್ಲಿ ನೆಲಕ್ಕಂಟಿ ಹರಿದು ಬರುತ್ತದಲ್ಲ, ಆ ಶಾಟ್‌ಗೆ ಕ್ಯಾಮೆರಾವನ್ನು ಉದ್ದ ಹಲಗೆಗೆ ಬಿಗಿದು, ಇಬ್ಬರು ಎರಡೂ ತುದಿ ಹಿಡಿದು ಓಡಿದ್ದಾರೆ. ರಕ್ತ ಅಂದರೆ ಜೋಳದ ಸಿರಪ್‌ಗೆ ಬಣ್ಣ. ಚಿತ್ರೀಕರಣ ಎಳೆದು ಎಳೆದು ನಟರು ಊರಿಗೆ ಹೊರಟ ಮೇಲೆ, ಕೈಕಾಲು ಮಾತ್ರ ಕಾಣುವ ಶಾಟ್‌ಗಳಲ್ಲಿ ಉಳಿದವರೇ ಅವರ ಬದಲು ನಿಂತರು.

ಆ ಬಡತನವೇ ಭಯವಾಗಿ ಪರದೆಗೆ ಬಂದಿದೆ ಅನ್ನುವುದು ನನ್ನ ನಂಬಿಕೆ. ಇಬ್ಬರು ಹುಡುಗಿಯರು ಇಸ್ಪೀಟ್ ಎಲೆ ಯಾವುದೆಂದು ಊಹಿಸುವ ಆಟ ಆಡುತ್ತಿರುತ್ತಾರೆ. ಕಿಟಕಿ ಕಡೆ ಮುಖ ಮಾಡಿ ಕೂತ ಇನ್ನೊಬ್ಬ ಹುಡುಗಿ ಶೆರಿಲ್ ಬೆನ್ನು ತಿರುಗಿಸಿಕೊಂಡೇ ಒಂದೊಂದೇ ಎಲೆಯ ಹೆಸರು ಹೇಳತೊಡಗುತ್ತಾಳೆ. ಆಮೇಲೆ ಈ ಕಡೆ ತಿರುಗುತ್ತಾಳೆ, ದೆವ್ವ ಹಿಡಿದಿದೆ. ಆಮೇಲೆ ಒಂದು ಪೆನ್ಸಿಲ್, ಲಿಂಡಾಳ ಕಾಲಿನ ಗಿಣ್ಣು. ಪೆನ್ಸಿಲ್ಲಿಗೆ ಏನು ಖರ್ಚು? ಅದನ್ನು ನೋಡಿದ ರಾತ್ರಿ ಕಾಲನ್ನು ಹೊದಿಕೆಯೊಳಗೆ ಎಳೆದುಕೊಂಡು ಮಲಗಿದ್ದು ನನಗೆ ಇವತ್ತಿಗೂ ಚೆನ್ನಾಗಿ ನೆನಪಿದೆ.

ಎರಡನೆಯದು ಬಂದದ್ದು 1987ರಲ್ಲಿ. ಲೇಖಕ ಸ್ಟೀಫನ್ ಕಿಂಗ್ ಮೊದಲ ಚಿತ್ರವನ್ನು ಮೆಚ್ಚಿ ಬರೆದಿದ್ದರು. ನಿರ್ಮಾಪಕ ದೀನೋ ದೆ ಲಾರೆಂಟಿಸ್ ಅವರಿಗೆ ಈ ಹುಡುಗರ ಪರವಾಗಿ ಹೇಳಿದ್ದೂ ಅವರೇ. ಸಿಕ್ಕಿದ್ದು ಸುಮಾರು 35 ಲಕ್ಷ ಡಾಲರ್. ಹಾಲಿವುಡ್ಡಿಗೆ ಅದು ಸಣ್ಣ ಮೊತ್ತ, ಇವರಿಗೆ ಹತ್ತು ಪಟ್ಟು. ಈ ಸಲ ಮನೆಯ ಒಳಭಾಗವನ್ನು ನಾರ್ತ್ ಕ್ಯಾರೊಲಿನಾದ ವೇಡ್ಸ್‌ಬರೊದಲ್ಲಿ ಒಂದು ಶಾಲೆಯ ಜಿಮ್‌ನಲ್ಲಿ ಸೆಟ್ ಹಾಕಿ ಕಟ್ಟಿದರು. ಹಾಗಾಗಿ ಮನೆಯನ್ನೇ ಕುಣಿಸಲು ಸಾಧ್ಯವಾಯಿತು. ಗೋಡೆಯ ಜಿಂಕೆ ತಲೆ ನಗುತ್ತದೆ, ದೀಪ ನಗುತ್ತದೆ, ಪುಸ್ತಕಗಳು ನಗುತ್ತವೆ. ಒಂಟಿಯಾಗಿರುವ ಆ್ಯಶ್ ಕೂಡ ಅವುಗಳ ಜೊತೆ ನಗತೊಡಗುತ್ತಾನೆ, ಆ ನಗು ಹಾಗೇ ಚೀರಾಟವಾಗುತ್ತದೆ. ಕ್ಯಾಂಬೆಲ್ ಎಂಥ ನಟ ಅನ್ನುವುದು ಅಲ್ಲಿ ಗೊತ್ತಾಗುತ್ತದೆ. ಮೊದಲ ಚಿತ್ರದಲ್ಲಿ ಅವನು ಬರೀ ಹೆದರಿದ ಹುಡುಗ. ಇಲ್ಲಿ ದೆವ್ವ ಹಿಡಿದ ತನ್ನ ಕೈಯೇ ತನ್ನ ತಲೆಗೆ ತಟ್ಟೆ ಒಡೆಯುವಾಗ ಒಂದೇ ಮೈಯಲ್ಲಿ ಇಬ್ಬರಾಗಿ ಹೊಡೆದಾಡುತ್ತಾನೆ.

ಮೊದಲನೆಯದನ್ನು ಬಿಟ್ಟು ಎರಡನೆಯದನ್ನೇ ನೋಡಬಹುದಾ ಎಂದೂ ಕೆಲವರು ಕೇಳುತ್ತಾರೆ. ಕಥೆ ಅರ್ಥವಾಗುತ್ತದೆ. ಆದರೂ ಬೇಡ ಅನ್ನುತ್ತೇನೆ, ಒಂದು ಜಾಗಕ್ಕಾಗಿ. ಮೊದಲ ಚಿತ್ರದಲ್ಲಿ ಆ್ಯಶ್ ದೆವ್ವ ಹಿಡಿದ ಲಿಂಡಾಳನ್ನು ಸಾಮಾನಿನ ಕೊಟ್ಟಿಗೆಗೆ ಹೊತ್ತು ತಂದು, ಮರ ಕೊಯ್ಯುವ ಮೆಷಿನ್ ಚಾಲೂ ಮಾಡಿ, ಅವಳ ಕೊರಳಿನ ಸರ ನೋಡಿ ನಿಲ್ಲಿಸಿಬಿಡುತ್ತಾನೆ. ಅವನ ಕೈಲಾಗುವುದಿಲ್ಲ. ಎರಡನೆಯದರಲ್ಲೂ ಕೊಟ್ಟಿಗೆ ಇದೆ, ಮೆಷಿನ್ ಇದೆ, ಲಿಂಡಾಳ ತುಂಡಾದ ತಲೆ ಅವಳದೇ ದನಿಯಲ್ಲಿ ಬೇಡಿಕೊಳ್ಳುತ್ತದೆ. ಈ ಸಲ ಅವನು ಮೆಷಿನ್ ನಿಲ್ಲಿಸುವುದಿಲ್ಲ.